ಏಳನೇ ನಂಬರಿನ ಯಂತ್ರ

ಸಿಂದಗಿಯ ಬೇಳೆ ಮಿಲ್ಲು ಮುಚ್ಚಿದಾಗ ಯಶೋಧಾ ಅಲ್ಲಿ ಹದಿನೆಂಟು ವರ್ಷ ದುಡಿದಿದ್ದಳು. ಕಸ ಗುಡಿಸಲು ಸೇರಿದವಳು ಕೊನೆಗೆ ತೊಗರಿ ಒಡೆಯುವ ಯಂತ್ರಗಳನ್ನೇ ನಡೆಸುತ್ತಿದ್ದಳು. ರೋಲರ್ ಎಲ್ಲಿ ಬಿಗಿಯಾಗಿದೆ, ಎಲ್ಲಿ ಸಡಿಲಾಗಿದೆ ಎಂಬುದನ್ನು ಸಪ್ಪಳ ಕೇಳಿಯೇ ಹೇಳುತ್ತಿದ್ದಳು.

ಮಿಲ್ಲಿಗೆ ಸಾಲ ಕೊಟ್ಟಿದ್ದ ಬ್ಯಾಂಕು ಯಂತ್ರಗಳನ್ನು ಆನ್‌ಲೈನಿನಲ್ಲಿ ಹರಾಜಿಗಿಟ್ಟಿತು. ಸುದ್ದಿ ತಂದವಳು ಓಣಿಯ ಮಹಿಳಾ ಸಂಘದ ಅಧ್ಯಕ್ಷೆ ಸಂಘಮಿತ್ರಾ.

"ಒಂದು ಯಂತ್ರ ನಾವ ತಗೊಳೋಣೇನ? ಸಂಘದ ರೊಕ್ಕ ಐತಿ, ನಡೆಸಾಕ ನೀ ಅದಿ."

ಸಂಘದ ಹೆಂಗಸರೆಲ್ಲ ಒಪ್ಪಿದರು. ಆದರೆ ಈ ಹರಾಜಿನಲ್ಲಿ ಎದ್ದು ನಿಂತು ಕೂಗುವಂತಿರಲಿಲ್ಲ, ಎಲ್ಲ ಕಂಪ್ಯೂಟರಿನಲ್ಲೇ. ಬಸ್ ನಿಲ್ದಾಣದ ಎದುರು ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದ ಅರುಣಕುಮಾರ ತನಗೆ ಗುರುತಿನವನೆಂದು ಸಂಘಮಿತ್ರಾ ಯಶೋಧಾಳನ್ನು ಅಲ್ಲಿಗೆ ಕರೆದೊಯ್ದಳು. ಅವನು ಫೋಟೋಗಳನ್ನು ತೋರಿಸಿದ. ನಾಲ್ಕನೇ ನಂಬರಿನ ಯಂತ್ರ ಹಸಿರು ಬಣ್ಣದಲ್ಲಿ ಹೊಳೆಯುತ್ತಿತ್ತು. ಏಳನೆಯದಕ್ಕೆ ಬೆಲ್ಟಿರಲಿಲ್ಲ, ಮೈತುಂಬ ತುಕ್ಕು.

"ನಾಕನೇದಕ್ಕ ಬೆಲೆ ಹಾಕ್ಲೇನ್ರಿ ಅಕ್ಕಾರ?"

"ಬ್ಯಾಡೋ ತಮ್ಮಾ. ಅದರ ಶಾಫ್ಟ್ ಬಾಗೇತಿ, ಮ್ಯಾಲ ಬಣ್ಣ ಅಷ್ಟ. ಏಳನೇದಕ್ಕ ಹಾಕು. ಮಿಲ್ಲು ಮುಚ್ಚೂಕಿಂತ ಮೊದಲ ಅದಕ್ಕ ಹೊಸಾ ರೋಲರ್ ಕುಂಡ್ರಿಸೇವಿ. ನಾನ ಮುಂದ ನಿಂತು ಹಾಕಿಸೇನಿ. ಇದು ಹೊರಗಿನವರಿಗೆ ಗೊತ್ತಿಲ್ಲ."

"ಹೌದೇನ್ರಿ?" ಎಂದು ಅರುಣಕುಮಾರ ಏಳನೆಯದರ ಫೋಟೋವನ್ನು ದೊಡ್ಡದು ಮಾಡಿ ಮತ್ತೊಮ್ಮೆ ನೋಡಿದ.

ಹರಾಜಿನ ದಿನ ಇಬ್ಬರೂ ಬೆಳಿಗ್ಗೆಯೇ ಹೋಗಿ ಅವನ ಪಕ್ಕ ಕುಳಿತರು. ಪರದೆಯ ಮೇಲೆ ಯಾರ ಹೆಸರೂ ಇರಲಿಲ್ಲ, ಬರೀ ನಂಬರುಗಳು. ಗುಜರಿ ಬೆಲೆ ಹಾಕಿದವರು ಬೇಗ ಹಿಂದೆ ಸರಿದರು. ಕೊನೆಗೆ ಉಳಿದವರು ಇಬ್ಬರು: ಸಂಘದವರು ಮತ್ತು ಇನ್ಯಾರೋ ಒಬ್ಬರು. ಸಂಘದ ಬೆಲೆಯೇ ಮೇಲಿತ್ತು. ಮುಗಿಯಲು ಎರಡು ನಿಮಿಷ ಇರುವಾಗ ಆ ಇನ್ನೊಬ್ಬರು ಬೆಲೆಯನ್ನು ಒಂದು ಮೆಟ್ಟಿಲು ಮೇಲಕ್ಕೆ ಏರಿಸಿದರು.

"ಹಾಕೋ ತಮ್ಮಾ, ನಾವೂ ಏರಸ್ತೀವಿ!" ಎಂದಳು ಯಶೋಧಾ.

"ಸರ್ವರ್ ನಿಂತೈತ್ರಿ ಅಕ್ಕಾರ. ಏನ್ ಮಾಡ್ಲಿ?"

ಪರದೆ ಮತ್ತೆ ಬಂದಾಗ ಹರಾಜು ಮುಗಿದಿತ್ತು. ಯಶೋಧಾ ಅವತ್ತು ಮನೆಗೆ ಹೋಗಿ ಊಟ ಮಾಡಲಿಲ್ಲ.

ತಿಂಗಳಾದ ಮೇಲೆ ಅರುಣಕುಮಾರನೇ ಫೋನು ಮಾಡಿದ. ಆಲಮೇಲದಲ್ಲಿ ತನ್ನ ಮಾವನ ಶೆಡ್ಡಿನಲ್ಲಿ ಒಂದು ಯಂತ್ರ ಬೇಳೆಯನ್ನು ನುಚ್ಚು ಮಾಡುತ್ತಿದೆ, ಬಂದು ನೋಡಿ, ಕೂಲಿ ಕೊಡುತ್ತೇವೆ ಎಂದ. ಅವಳು ಬಸ್ಸು ಹತ್ತಿ ಹೋದಳು. ಶೆಡ್ಡಿನ ಬಾಗಿಲಲ್ಲೇ ನಿಂತುಬಿಟ್ಟಳು. ಆ ತುಕ್ಕು, ಆ ಸಪ್ಪಳ ಅವಳಿಗೆ ಗೊತ್ತಿದ್ದವು.

"ಇದು ಏಳನೇದು."

"ಮಾವ ತಗೊಂಡಾರ್ರಿ. ಆನ್‌ಲೈನಿನ್ಯಾಗ ಯಾರು ಬೇಕಾದರೂ ಹಾಕಬಹುದಲ್ರಿ."

"ಸರ್ವರ್ ನಿಂತಿತ್ತಲ್ಲ ತಮ್ಮಾ?"

"ನಿಮಗ ನಿಂತಿತ್ರಿ," ಎಂದ ಅವನು, ಮುಖ ಎತ್ತದೆ.

ರೋಲರನ್ನು ಒಂದು ಸುತ್ತು ಸಡಿಲು ಮಾಡಿದರೆ ಸಾಕಿತ್ತು. ಅವಳು ಮುಟ್ಟಲಿಲ್ಲ, ತಿರುಗಿ ಬಂದಳು.

ಸಂಜೆ ಸಂಘದವರನ್ನೆಲ್ಲ ಕೂಡಿಸಿ ನಡೆದದ್ದನ್ನು ಹೇಳಿದಳು. ಹಿರಿಯಳಾದ ಯಲ್ಲವ್ವ ಕೇಳಿದಳು: "ಆ ಯಂತ್ರ ಚಲೋ ಐತಂತ ಅವಗ ಹೇಳಿದವರು ಯಾರು?"

"ನಾನ ಹೇಳೇನಿ, ನಮಗ ತಗೊಳ್ಳಾಕಂತ."

"ಈಗ ಅಲ್ಲೇ ನಿನಗ ಕೂಲಿನೂ ಕೊಡ್ತಾರ! ಅವರ ಜೋಡಿ ಮೊದಲ ಮಾತಾಗಿತ್ತೇನು?"

ಯಶೋಧಾ ಸಂಘಮಿತ್ರಾಳ ಕಡೆ ನೋಡಿದಳು. ಅಂಗಡಿಗೆ ಕರೆದೊಯ್ದವಳು ಅವಳೇ, ಪಕ್ಕದಲ್ಲಿ ಕುಳಿತು ಪ್ರತಿ ಮಾತು ಕೇಳಿಸಿಕೊಂಡವಳೂ ಅವಳೇ. ಸಂಘಮಿತ್ರಾ ಚಾಪೆಯ ಕಡ್ಡಿ ಕೀಳುತ್ತ ಕುಳಿತಿದ್ದಳು.

ಮುಂದಿನ ಸಭೆಗೆ ಯಶೋಧಾಳನ್ನು ಯಾರೂ ಕರೆಯಲಿಲ್ಲ. ಬೇರೆ ಕೆಲಸವೂ ಸಿಗಲಿಲ್ಲ. ಹೇಗೂ ಹೆಸರು ಕೆಟ್ಟಿತ್ತು. ಹದಿನೈದು ದಿನ ಕಳೆದ ಮೇಲೆ ಅವಳು ಆಲಮೇಲದ ಬಸ್ಸು ಹತ್ತಿದಳು. ರೋಲರ್ ಸಡಿಲು ಮಾಡಿದಳು, ಬೇಳೆ ಇಡಿಯಾಗಿ ಬಿತ್ತು.

"ನೋಡ್ರಿ ಮಾವಾ, ಯಂತ್ರ ಚಲೋ ಐತಿ ಅಂತ ನಾ ಹೇಳಿದ್ನಿಲ್ಲ?" ಎಂದು ಅರುಣಕುಮಾರ ಹಿಗ್ಗಿದ.

ಸುಗ್ಗಿಯಲ್ಲಿ ಶೆಡ್ಡಿನ ಮುಂದೆ ಗಾಡಿಗಳ ಸಾಲು. ಒಂದು ಮಧ್ಯಾಹ್ನ ಸಂಘಮಿತ್ರಾ ಎರಡು ಚೀಲ ತೊಗರಿ ಇಳಿಸಿಕೊಂಡು ಒಳಗೆ ಬಂದಳು.

"ಹೆಂಗದಿ ಯಶೋಧಾ?"

ಯಶೋಧಾ ಸೆರಗಿನಿಂದ ಮುಖದ ದೂಳು ಒರೆಸಿಕೊಂಡಳು.

"ಸರತಿ ಐತ್ರಿ. ಹಿಂದ ನಿಲ್ರಿ."