ಕಿಟಕಿ ಪಕ್ಕದ ಗೋಡೆ

ಹಲಗೆ ಕೊಯ್ಯುವ ಸದ್ದು ಮತ್ತೆ ಶುರುವಾಯಿತು, ಹಲ್ಲು ಜುಮ್ಮೆನ್ನುತ್ತದೆ, ಅಂದರೆ ಗೋಡೆಗೆ ಹೊರಗಿನಿಂದ ಹಲಗೆ ಹೊದಿಸುವ ಮೇಸ್ತ್ರಿ ಬಂದಿದ್ದಾನೆ, ಬರುತ್ತಾನೋ ಇಲ್ಲವೋ ಅಂದುಕೊಂಡಿದ್ದೆ, ಸಾವಾದ ಮನೆ, ಅರ್ಧಕ್ಕೆ ನಿಂತ ಕೆಲಸ, ಉಳಿದ ಗೋಡೆಗಳೆಲ್ಲ ನೀಲಿ, ಅಕ್ಕನ ಕೋಣೆಯ ಕಿಟಕಿ ಗೋಡೆ ಮಾತ್ರ ಹಲಗೆ ಕಾಣದೆ ಬರೀ ಕಪ್ಪು ಹಾಳೆ ಹೊದ್ದು ನಿಂತಿದೆ, ಸಾಕು ಬಿಡಮ್ಮಾ, ಇನ್ಯಾರು ನೋಡ್ಬೇಕಾಗಿದೆ ಅಂದರು ಭಾವ, ಅಕ್ಕ ಆರಿಸಿದ ಬಣ್ಣ ಭಾವ, ಮುಗಿಸಿಬಿಡೋಣ ಅಂದವಳು ನಾನೇ — ಆ ಬಣ್ಣಕ್ಕೇ ಎಷ್ಟು ರಗಳೆ, ಮಾದರಿಗೆ ಕೊಟ್ಟ ಹಲಗೆ ತುಂಡುಗಳನ್ನೆಲ್ಲ ತಂದು ಅಕ್ಕನ ಹಾಸಿಗೆ ಮೇಲೆ ಹರಡಿದ್ದೆ, ಎದ್ದು ಕೂರಲಾಗದವಳು ಒಂದೊಂದನ್ನೂ ಕೆನ್ನೆಗೊತ್ತಿಕೊಂಡು, ಇದು ಬೂದಿ, ಇದು ಆಸ್ಪತ್ರೆ ಹಸಿರು, ಬೇಡ್ವೇ ಬೇಡ, ನೀಲಿ ಇರ್ಲಿ ಕಣೇ, ನಾನೇನು ಹೊರಗೆ ಹೋಗಿ ನೋಡ್ತೀನಾ, ದಾರೀಲಿ ಹೋಗೋರಾದ್ರೂ ಒಳಗೆ ಯಾರೋ ಬದುಕಿದ್ದಾರೆ ಅಂದ್ಕೊಳ್ಳಲಿ, ನಕ್ಕಳು, ಕೆಮ್ಮು ಬಂತು, ನಗು ಅಲ್ಲಿಗೇ ನಿಂತಿತು. ಛಾವಣಿ ಸೋರುತ್ತಿದ್ದುದು ಅವಳ ದಿಂಬಿನ ಪಕ್ಕಕ್ಕೇ, ಬಕೆಟ್ಟಿನಲ್ಲಿ ಟಪ್ ಟಪ್, ಅದಕ್ಕೇ ಅಲ್ಲವೇ ಇದನ್ನೆಲ್ಲ ತಲೆಮೇಲೆ ಹೊತ್ತುಕೊಂಡದ್ದು, ಇಬ್ಬರು ಮೇಸ್ತ್ರಿಗಳು, ಒಬ್ಬ ಏತಿ ಅಂದರೆ ಇನ್ನೊಬ್ಬ ಪ್ರೇತಿ, ಮೊದ್ಲು ಮೇಲೆ ತಗಡು ಕೂರ್ಬೇಕು ಅಮ್ಮಾವ್ರೇ, ಇಲ್ದಿದ್ರೆ ನೀರು ಹಲಗೆ ಹಿಂದೆ ಇಳಿಯುತ್ತೆ ಎಂದು ಛಾವಣಿಯವನು, ಅಲ್ಲೀವರೆಗೂ ನಾನೇನು ನೊಣ ಹೊಡೀತಾ ಕೂರ್ಲಾ ಎಂದು ಗೋಡೆಯವನು, ಅವನನ್ನು ಹಿತ್ತಲ ಕಡೆಗೆ ಸಾಗಿಸಿ, ಇವನನ್ನು ಅಕ್ಕನ ಕೋಣೆಯ ಮೇಲೆ ಹತ್ತಿಸಿ, ಒಳಗೆ ಓಡಿ, ಸದ್ದಿಗೆ ಕಷ್ಟ ಆಗುತ್ತೇನೇ, ನಿಲ್ಲಿಸ್ಲಾ ಅಂದರೆ ಅವಳು, ಬಡೀಲಿ ಬಿಡೇ, ಮನೆ ತುಂಬ ಜನ ಇದ್ದ ಹಾಗಿದೆ. ಆವತ್ತು ದೂಳು ಬೀಳದಿರಲಿ ಅಂತ ಕಿಟಕಿಗೆ ಪ್ಲಾಸ್ಟಿಕ್ ಕಟ್ಟಿದ್ದರು, ಕೋಣೆಯೊಳಗೆ ಮಂಕು ಬೆಳಕು, ಏಣಿ ಹತ್ತುವವನ ನೆರಳು ಅದರ ಮೇಲೆ ಆಡುತ್ತಿತ್ತು, ಅಪ್ಪ ಬಂದ್ರೇನೇ ಅಂದಳು, ಅಪ್ಪ ಬಡಗಿ, ಹೋಗಿ ಯಾವ ಕಾಲವಾಯಿತು, ಹ್ಞೂಂ ಕಣೇ, ಬಂದಿದ್ದಾರೆ ಅಂದೆ, ಇನ್ನೇನು ಅನ್ನಲಿ, ಕೈಗೆ ನೀರು ಕೊಡು ಅವರಿಗೆ, ಹಸಿದಿರ್ತಾರೆ, ಸರಿ ಅಂತ ಅಡುಗೆಮನೆಗೆ ಹೋದೆ, ನಿಜಕ್ಕೂ ಚೊಂಬಿಗೆ ನೀರು ತುಂಬಿದೆ, ಹುಚ್ಚಿ, ಯಾರಿಗೆ ತುಂಬಿದೆ, ತಿರುಗಿ ಬಂದರೆ ಕಣ್ಣು ನೆರಳಿನತ್ತಲೇ ತೆರೆದಿತ್ತು, ನೆರಳು ಸರಿಯಿತು, ಕಣ್ಣು ಸರಿಯಲಿಲ್ಲ — ಅಂಗಳಕ್ಕೆ ಓಡಿದೆ, ನಿಲ್ಲಿಸಿ ಅನ್ನಬೇಕು, ಗಂಟಲಿಂದ ದನಿ ಹೊರಡದು, ಮೇಲೆ ಛಾವಣಿಯವನು ಕೊನೆಯ ತಗಡಿಗೆ ಮೊಳೆ ಬಡಿಯುತ್ತಿದ್ದಾನೆ, ಅವಳ ತಲೆಯ ನೇರಕ್ಕೇ, ಇನ್ನು ಸೋರುವುದಿಲ್ಲ, ಒಂದು ಹನಿಯೂ ಬೀಳುವುದಿಲ್ಲ, ಬಡಿದ, ಮತ್ತೆ ಬಡಿದ, ಸುತ್ತಿಗೆ ಎತ್ತಿದವನು ನನ್ನ ಮುಖ ಕಂಡ, ಎತ್ತಿದ ಕೈ ಎತ್ತಿದಂತೆಯೇ — ಅಮ್ಮಾವ್ರೇ, ಕಿಟಕಿ ಗೋಡೆ ಶುರು ಮಾಡ್ಲಾ, ಗೋಡೆಯವನು ಕೇಳುತ್ತಿದ್ದಾನೆ, ಈಗ, ಹೊರಗಿನಿಂದ, ಮೆಲ್ಲಗೆ, ಮಾಡಪ್ಪಾ ಅಂದೆ, ದನಿ ಬಂತು, ಇವತ್ತು ಬಂತು, ಅವನು ಹಲಗೆ ಎತ್ತಿ ಗೋಡೆಗೆ ಹಿಡಿಯುತ್ತಾನೆ, ನೀಲಿ, ಇನ್ನೇನು ಮೊದಲ ಏಟು ಬೀಳಬೇಕು, ಕಾಯುತ್ತಿದ್ದೇನೆ, ಆದರೆ ನನಗೆ ಕಾಣುವುದು ಆ ಇನ್ನೊಬ್ಬನ ಕೈ, ಸುತ್ತಿಗೆ, ಆಕಾಶಕ್ಕೆ ಎತ್ತಿದ್ದು, ಇಳಿಯುತ್ತಿಲ್ಲ, ಎತ್ತಿದ ಸುತ್ತಿಗೆ, ಇಳಿಯುತ್ತಿಲ್ಲ