ಸಂಗಡ ಯಾರು ಬಂದೀರಿ?

ಸೆನೆಗಲ್ ದೇಶದ ಕುಂಬಾ ಜ್ವಾಳದ ತಳಿ ಅಭ್ಯಾಸ ಮಾಡಾಕ ದೋರನಹಳ್ಳಿಗಿ ಬಂದು, ಭೀಮಮ್ಮನ ಮನಿಯಾಗ ಬಾಡಿಗಿ ಇದ್ದಳು. ವರ್ಷದಾಗ ನಮ್ಮ ಮಾತು ಕಲ್ತು ಊರಿಗೆಲ್ಲ ಕುಂಬವ್ವ ಆದಳು. ಜ್ವಾಳ ಆಕಿಗಿ ಹೊಸಾದಲ್ಲ ಖರೆ, ಆದ್ರ ಭೀಮಮ್ಮನ ಖಡಕ್ ರೊಟ್ಟಿ ಅಂದ್ರ ಹಲ್ಲಿನ ಪರೀಕ್ಷೀನರಿ! ಒಂದಿನ ಮುಂಜಾನಿ ಕಟಕ್ ಅಂತು. ರೊಟ್ಟಿ ಮುರೀತು ಅಂದ್ಕೊಂಡ್ಳು. ಮುರಿದಿದ್ದು ದವಡಿ ಹಲ್ಲು.

ಮಧ್ಯಾಹ್ನಕ್ಕ ಗಲ್ಲ ಬಾತು ಬದನಿಕಾಯಿ ಆತು. ನೋವಂದ್ರ ಶಿವಾ ಶಿವಾ! ಭೀಮಮ್ಮ ಲವಂಗ ಇಟ್ಟಳು, ಉಪ್ಪುನೀರು ಮುಕ್ಕಳಿಸಾಕ ಹಚ್ಚಿದಳು, ತನ್ನ ರೊಟ್ಟಿಗೇ ಬಾಯಿತುಂಬ ಬೈದಳು. ಯಾವುದೂ ನಡೀಲಿಲ್ಲ.

ಕುಂಬವ್ವಗ ಹಲ್ಲಿಗಿಂತ ಸೆನೆಗಲ್‌ನಾಗಿದ್ದ ಅವ್ವನ ಅಂಜಿಕಿ ದೊಡ್ಡದು. “ಪರದೇಶದಾಗ ಜಡ್ಡಿಗಿ ಬಿದ್ರ ಯಾರ್ ನೋಡ್ತಾರ? ಬಿದ್ದಿದ್ದು ಕೇಳಿದ್ರ ಸಾಕು, ಸೀದಾ ಮನಿಗಿ ಬರಬೇಕು,” ಅಂತ ಕಳಸುವಾಗ್ಲೇ ತಾಕೀತು ಮಾಡಿದ್ದಳು. ಸುಗ್ಗಿಗಿಂತ ಮೊದಲ ಹೋದ್ರ ಓದಿದ್ದೆಲ್ಲ ಹೊಳ್ಯಾಗ ಹುಣಸಿಹಣ್ಣು ಕಿವಿಚಿದಂಗ. “ಅವ್ವನ ಫೋನ್ ಬಂದ್ರ ಯಾರೂ ಎತ್ತಬ್ಯಾಡ್ರಿ,” ಅಂತ ಕೈ ಮುಗಿದಳು.

ಊರಾಗಿನ ಮಲ್ಕಪ್ಪನ ಟಂಟಂ ಆಟೋ ಶಹಾಪುರದ ಹಲ್ಲಿನ ಡಾಕ್ಟರ್ ಫಿರ್ದೌಸ್ ಅವರ ದವಾಖಾನಿಗಿ ಹೊಂಟಿತು. ಒಬ್ಬಾಕಿನ ಹೋಗ್ತೀನಿ ಅಂದ್ರ ಕೇಳೋರ್ ಯಾರು? ಭೀಮಮ್ಮ ಹತ್ತಿದಳು, ಆಕಿ ಸೊಸಿ ಹತ್ತಿದಳು, ಎದುರುಮನಿ ದೇವಕ್ಕ ಅಂಬಲಿ ಡಬ್ಬಿ ಹಿಡಕೊಂಡು ಹತ್ತಿದಳು, ಶಹಾಪುರದಾಗ ಏನೂ ಕೆಲಸ ಇಲ್ಲದ ಮುದುಕ್ರಿಬ್ಬರೂ ಹತ್ತಿದ್ರು. ನಮ್ಮ ಕಡಿ ದವಾಖಾನಿಗಿ ಒಬ್ಬರ ಹೋಗೂ ಪದ್ಧತಿ ಎಲ್ಲಿ ಅದರಿ?

“ಸಂಗಡ ಯಾರು ಬಂದೀರಿ?” ಡಾಕ್ಟರ್ ಕೇಳಿದ್ದೇ ತಡ, ಎಲ್ಲಾರೂ ಎದ್ದು ನಿಂತ್ರು.

“ಅಯ್ಯ, ಒಂದ್ ಹಲ್ಲಿಗಿ ಇಷ್ಟು ಮಂದಿನಾ? ಒಬ್ರು ಬರ್ರಿ ಸಾಕು,” ಅಂತ ಡಾಕ್ಟರ್ ನಕ್ಕರು. ಭೀಮಮ್ಮ ಒಳಗ ಹೋದಳು, ಉಳಿದವ್ರು ಬಾಗಿಲಾಗ ನಿಂತ್ರು.

ಸೂಜಿ ಚುಚ್ಚಿ ಹಲ್ಲಿಗಿ ಕೈ ಹಚ್ಚೂದಕ್ಕೂ ಕುಂಬವ್ವನ ಫೋನ್ ಬಡಕೊಳ್ಳೂದಕ್ಕೂ ಸರಿಹೋತು. ಅವ್ವಂದು, ವಿಡಿಯೋ! ಹೆತ್ತಾಕಿ ಕೂಗಾಕತ್ತಾಳ, ಭೀಮಮ್ಮ ಎಷ್ಟು ಹೊತ್ತು ತಡಕೊಂಡಾಳು? ಒತ್ತೇಬಿಟ್ಟಳು. ಕುಂಬವ್ವನ ಬಾಯಾಗ ಡಾಕ್ಟರ್ ಕೈ, ಬ್ಯಾಡ ಅಂತ ಹೆಂಗ ಅಂದಾಳು?

“ತಂಗಿ, ಹೆದರಬ್ಯಾಡವ್ವ, ನಾವದೀವಿ!” ಭೀಮಮ್ಮ ಫೋನಿನ್ಯಾಗಿನ ಅವ್ವಗ ಕನ್ನಡದಾಗ ಒದರಿ, ಫೋನು ಬಾಗಿಲ ಕಡಿ ತಿರುವಿದಳು. ದೇವಕ್ಕ ಡಬ್ಬಿ ಎತ್ತಿ ತೋರಿಸಿದಳು, ಮುದುಕರು ಕೈ ಬೀಸಿದ್ರು.

ಎಲ್ಲಾ ಮುಗದ ಮ್ಯಾಲ ಕುಂಬವ್ವ ಜೋಮು ಹಿಡಿದ ಬಾಯಿಲೇ ಅವ್ವನ ಜೋಡಿ ತಮ್ಮ ಭಾಷಾದಾಗ ಮಾತಾಡಿದಳು. ಫೋನ್ ಇಟ್ಟಾಗ ಕಣ್ಣಾಗ ನೀರು. ಭೀಮಮ್ಮ ಆಕಿ ಕೈ ಹಿಡಕೊಂಡಳು.

“ಏನಂದಳವ್ವ? ಬಾ ಅಂದಳೇನು?”

“ಇಲ್ಲಬೇ,” ಕುಂಬವ್ವ ಅರ್ಧ ಬಾಯಾಗ ನಕ್ಕಳು. “‘ಇಲ್ಲಿಗಿ ಬಂದ್ರ ನಿನ್ನ ಸಂಗಡ ದವಾಖಾನಿಗಿ ನಾ ಒಬ್ಬಾಕಿನ ಬರಾಕಿ. ನೀ ಅಲ್ಲೇ ಇರು’ ಅಂದಳು.”