ತುರ್ತಿಗೊಂದು ನಂಬರು

ಫೋನು ಎರಡನೇ ಸಲ ಹೊಡೆದುಕೊಂಡಾಗ ನರ್ಸು ತನ್ನ ಮೊಬೈಲನ್ನು ಕಿವಿಯಿಂದ ಇಳಿಸಿ ಅವನ ಸೊಂಟದ ಚೀಲದತ್ತ ನೋಡಿದಳು.

“ನಿಮ್ದೂ ಹೊಡ್ಕೋತಾ ಇದೆ ಅಂಕಲ್. ತಗೊಳ್ಳಿ, ಪರವಾಗಿಲ್ಲ.”

ಅವನು ತೆಗೆಯಲಿಲ್ಲ. ಅವಳು ತನ್ನ ಕರೆ ನಿಲ್ಲಿಸಿದಳು, ಚೀಲವೂ ಸುಮ್ಮನಾಯಿತು. ಇನ್ನೊಮ್ಮೆ ಒತ್ತಿದಳು. ಚೀಲ ಮತ್ತೆ ಹೊಡೆದುಕೊಂಡಿತು.

ಇಪ್ಪತ್ತೊಂದು ಕಿಲೋಮೀಟರಿನ ಓಟದಲ್ಲಿ ಹದಿನೇಳನೇ ಫಲಕ ದಾಟಿ ಇನ್ನೂರು ಹೆಜ್ಜೆ ಇಟ್ಟಿರಬಹುದು, ಬಲಗಾಲಿನ ಮೀನಖಂಡ ಕಲ್ಲಿನಂತೆ ಗಟ್ಟಿಯಾಗಿ, ಹಿಂದೆಯೇ ಕಣ್ಣಿಗೆ ಕತ್ತಲೆ ಕವಿದಿತ್ತು. ಯಾರೋ ಇಬ್ಬರು ಹೆಗಲು ಕೊಟ್ಟು ಈ ಡೇರೆಯ ಪ್ಲಾಸ್ಟಿಕ್ ಕುರ್ಚಿಗೆ ತಂದು ಕೂರಿಸಿದ್ದರು. ಅವನು ಮುಖ ನೋಡುವಷ್ಟರಲ್ಲಿ ಮತ್ತೆ ಓಟಕ್ಕೆ ಸೇರಿಹೋಗಿದ್ದರು. ನರ್ಸು ಬಿ.ಪಿ. ನೋಡಿ, ಉಪ್ಪು ಸಕ್ಕರೆ ನೀರು ಕುಡಿಸಿ, ಎದೆಗೆ ಪಿನ್ನು ಹಾಕಿದ್ದ ನಂಬರು ಚೀಟಿಯನ್ನು ಮಗುಚಿದ್ದಳು. ತುರ್ತು ಸಂದರ್ಭದಲ್ಲಿ ಯಾರಿಗೆ ತಿಳಿಸಬೇಕು ಎಂಬುದು ಅದರ ಬೆನ್ನಿಗೆ ಅಚ್ಚಾಗಿತ್ತು. ಸಂಬಂಧ: ಅಣ್ಣ. ಕೆಳಗೊಂದು ನಂಬರು.

“ಅಣ್ಣ ಫೋನ್ ನಿಮ್ಮ ಹತ್ರಾನೇ ಬಿಟ್ಟೋಗಿದಾರಾ?”

“ಅಣ್ಣ ಅಂತ ಯಾರೂ ಇಲ್ಲ.”

“ಮತ್ತೆ ಈ ನಂಬರ್?”

“ನಂದೇ.”

ಅವಳು ನಗಲಿಲ್ಲ. ನಕ್ಕಿದ್ದರೆ ಅವನಿಗೆ ಸುಲಭವಾಗುತ್ತಿತ್ತು.

ಎರಡು ತಿಂಗಳ ಹಿಂದೆ ಊಟದ ಬಿಡುವಿನಲ್ಲಿ ಫೋನಿನಲ್ಲೇ ಓಟದ ಅರ್ಜಿ ತುಂಬುವಾಗ, ಆ ಒಂದು ಖಾನೆ ಖಾಲಿ ಬಿಟ್ಟರೆ ಮುಂದಿನ ಪುಟ ತೆರೆದುಕೊಳ್ಳುತ್ತಿರಲಿಲ್ಲ. ಅವನು ಹಲ್ಲು ಕಟ್ಟುವವನು. ದಂತವೈದ್ಯರು ಕಳಿಸುವ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿದು, ಮೇಣದಲ್ಲಿ ಒಸಡು ಕೂರಿಸಿ, ಒಂದೊಂದೇ ಹಲ್ಲು ಜೋಡಿಸುವುದು ಇಪ್ಪತ್ತೆರಡು ವರ್ಷದ ಕಸುಬು. ಸಾವಿರಾರು ಜನ ಅವನು ಕಟ್ಟಿದ ಹಲ್ಲಿನಲ್ಲಿ ನಗುತ್ತಿದ್ದರು. ಒಬ್ಬರ ಮುಖವನ್ನೂ ಅವನು ನೋಡಿರಲಿಲ್ಲ. ಅಂದು ಎದುರು ಮೇಜಿನಲ್ಲಿ ಪಾಲಿಶ್ ಹಿಡಿಯುವ ಮುದುಕ, “ಏನಯ್ಯಾ, ಅರ್ಧ ಗಂಟೆಯಿಂದ ಒಂದೇ ಕಡೆ ನೋಡ್ತಿದ್ದೀಯ? ಹೆಣ್ಣು ನೋಡೋ ಅರ್ಜಿನಾ?” ಎಂದಿದ್ದ. ಆ ಮುದುಕನ ನಂಬರನ್ನೇ ಕೇಳಬಹುದಿತ್ತು. ಕೇಳಿದರೆ ಯಾಕೆಂದು ಹೇಳಬೇಕಾಗುತ್ತಿತ್ತು. ತನ್ನದನ್ನೇ ಬರೆದು, ಸಂಬಂಧದ ಪಟ್ಟಿಯಲ್ಲಿ ಬೆರಳಿಗೆ ಮೊದಲು ಸಿಕ್ಕಿದ್ದನ್ನು ಒತ್ತಿಬಿಟ್ಟಿದ್ದ.

“ನೋಡಿ ಅಂಕಲ್, ಬಿದ್ದೋರನ್ನ ಹಾಗೇ ಬಿಡೋ ಹಾಗಿಲ್ಲ. ನಿಮ್ಮೋರು ಯಾರಾದ್ರೂ ಒಬ್ಬರು ಮಾತಾಡಿ ಹೂಂ ಅನ್ಬೇಕು. ಇಲ್ಲಾಂದ್ರೆ ಅಗೋ, ವ್ಯಾನು.”

ವ್ಯಾನಿನಲ್ಲಿ ಅರ್ಧಕ್ಕೇ ಕೈಬಿಟ್ಟವರು ಕಿಟಕಿಗೆ ತಲೆ ಕೊಟ್ಟು ಕೂತಿದ್ದರು. ಇನ್ನು ನಾಲ್ಕೇ ಕಿಲೋಮೀಟರು. ಗೋದಾಮುಗಳ ಹಿಂದಿನ ರಸ್ತೆಯಲ್ಲಿ ಎರಡು ವರ್ಷ ಒಬ್ಬನೇ ಓಡಿದ್ದು ಇದಕ್ಕಾಗಿ. ಮುಗಿಸಿದರೆ ಏನಾಗುತ್ತದೆ ಎಂದು ಅವನಿಗೂ ಗೊತ್ತಿರಲಿಲ್ಲ. ಮುಗಿಸದಿದ್ದರೆ ನಾಳೆ ಬೆಳಿಗ್ಗೆ ಎದ್ದು ಬೂಟು ಕಟ್ಟಲಾರೆ ಎಂಬುದು ಮಾತ್ರ ಗೊತ್ತಿತ್ತು.

ಫೋನು ತೆರೆದ. ಪಟ್ಟಿಯಲ್ಲಿ ಮೊದಲ ಹೆಸರೇ ಅಕ್ಕ.

ಭಾವ ತೀರಿಕೊಂಡ ಮೇಲೆ ಅಕ್ಕನೂ ಒಬ್ಬಳೇ, ಮೂರು ಗಂಟೆ ದಾರಿಯ ಇನ್ನೊಂದು ಊರಿನಲ್ಲಿ. ಮಾತು ನಿಂತು ಒಂದೂವರೆ ವರ್ಷ. ಜಗಳವೇನೂ ಆಗಿರಲಿಲ್ಲ, ಆಗಿದ್ದರೆ ರಾಜಿಗಾದರೂ ದಾರಿ ಇರುತ್ತಿತ್ತು. ಒಂದು ಬೆಳಿಗ್ಗೆ ಅವಳ ಕರೆ ಬಂದಾಗ ಕೈಯಲ್ಲಿ ಬಿಸಿ ಮೇಣವಿತ್ತು, ಸಂಜೆ ಮಾಡೋಣ ಅಂದುಕೊಂಡ. ಸಂಜೆ ಹೋಗಿ ನಾಳೆ ಆಯಿತು, ನಾಳೆ ಹೋಗಿ ವಾರ. ತಿಂಗಳು ಕಳೆದ ಮೇಲೆ, ಇಷ್ಟು ದಿನ ಯಾಕೆ ಮಾಡಲಿಲ್ಲ ಎಂಬುದಕ್ಕೊಂದು ಉತ್ತರ ಬೇಕಾಯಿತು. ಅವನು ಮಾಡಲೇ ಇಲ್ಲ. ಅವಳೂ ಮತ್ತೆ ಮಾಡಲಿಲ್ಲ.

ಅವನು ಒತ್ತಿದ. ರಿಂಗಾಗುತ್ತಿದ್ದಂತೆ ನರ್ಸು ಫೋನು ತೆಗೆದುಕೊಂಡು ಸ್ಪೀಕರಿಗೆ ಹಾಕಿದಳು.

“ಹೇಳೋ,” ಎಂದಳು ಅಕ್ಕ, ನಿನ್ನೆ ತಾನೇ ಮಾತಾಡಿದವಳಂತೆ.

ನರ್ಸು ವಿಷಯ ತಿಳಿಸಿದಳು.

“ಓಡ್ತಿದ್ನಾ? ಇವ್ನಾ?” ಅಕ್ಕನ ದನಿ ಏರಿತು. “ಬಸ್ಸು ಕಣ್ಮುಂದೆ ಹೊರಟ್ರೂ ಓಡದೋನು ಕಣಮ್ಮ ಇವ್ನು. ಯಾರು ಅಟ್ಟಿಸ್ಕೊಂಡು ಬಂದ್ರಂತೆ?”

ನರ್ಸು ಈಗ ನಕ್ಕಳು. ಅವಳ ಮುಂದಿನ ಹಲ್ಲೊಂದು ಪಕ್ಕದ್ದರ ಮೇಲೆ ಚೂರು ಹತ್ತಿ ಕೂತಿತ್ತು.

“ಬಾಕಿ ದೂರ ಓಡೋಕೆ ಬಿಡಲ್ಲ. ನಡ್ಕೊಂಡು ಹೋಗ್ಬಹುದು, ನೀವು ಹೂಂ ಅಂದ್ರೆ.”

“ನಾನು ಬೇಡ ಅಂದ್ರೆ ಕೇಳೋನಾ? ಹೋಗ್ಲಿ ಬಿಡಮ್ಮ. ಆದ್ರೆ ಫೋನ್ ಕಟ್ ಮಾಡ್ಬಾರ್ದು. ಕಿವೀಗೆ ಹಿಡ್ಕೊಂಡೇ ನಡೀಲಿ. ಬಿದ್ರೆ ನಂಗೆ ಗೊತ್ತಾಗ್ಬೇಕು.”

ಮೊದಲ ಒಂದು ಕಿಲೋಮೀಟರು ಅವನು ಫೋನನ್ನು ಕಿವಿಗೆ ಹಿಡಿದು ಕುಂಟುತ್ತಾ ನಡೆದ. ಹಿಂದಿನಿಂದ ಬಂದವರು ಅವನನ್ನು ಬಳಸಿಕೊಂಡು ಮುಂದೆ ಹೋಗುತ್ತಿದ್ದರು. ಆಮೇಲೆ ಅವರೂ ಕಡಿಮೆಯಾದರು. ಗುಲಾಬಿ ಅಂಗಿಯ ಹುಡುಗಿಯರು ರಸ್ತೆಯಲ್ಲಿ ಬಿದ್ದ ಕಾಗದದ ಲೋಟಗಳನ್ನು ಗುಡಿಸುತ್ತಿದ್ದರು. ಒಬ್ಬಳು ಪೊರಕೆ ಎತ್ತಿ ದಾರಿ ಬಿಟ್ಟಳು. ಫೋನಿನ ಆ ಕಡೆಯಿಂದ ನಲ್ಲಿಯ ನೀರು ಬೀಳುವುದು, ಪಾತ್ರೆ ಮಗುಚುವುದು ಕೇಳುತ್ತಿತ್ತು. ಟಿ.ವಿ.ಯ ಸದ್ದಾಗಲೀ ಇನ್ನೊಬ್ಬರ ಹೆಜ್ಜೆಯಾಗಲೀ ಇರಲಿಲ್ಲ.

“ಇದ್ದೀಯಾ?”

“ಇದ್ದೀನಿ.”

ಸ್ವಲ್ಪ ಹೊತ್ತಿಗೆ ಮತ್ತೆ, “ಇದ್ದೀಯೇನೋ?”

“ಇದ್ದೀನಿ ಅಕ್ಕ.”

“ಕಾಲು ನೋಯ್ತಿದ್ಯಾ?”

“ಅಷ್ಟೇನಿಲ್ಲ.”

“ಸುಳ್ಳು. ಚಿಕ್ಕೋನಿದ್ದಾಗ್ಲೂ ಹಾಗೇ. ದವಡೆ ಹಲ್ಲು ಊದಿ ಮುಖ ಕುಂಬಳಕಾಯಿ ಆಗಿದ್ರೂ ಮೂರು ದಿನ ಬಾಯಿ ಬಿಟ್ಟಿರ್ಲಿಲ್ಲ. ಈಗ ನೋಡಿದ್ರೆ ಊರೋರ ಹಲ್ಲೆಲ್ಲ ನಿನ್ನ ಕೈಲಿ.”

ಇಪ್ಪತ್ತನೇ ಫಲಕವನ್ನು ಆಗಲೇ ಬಿಚ್ಚಿ ಕಂಬಕ್ಕೆ ಒರಗಿಸಿದ್ದರು. ಅದನ್ನು ದಾಟಿ ತುಸು ದೂರ ಹೋದ ಮೇಲೆ ಅವನು ಕೇಳಿದ.

“ಆವತ್ತು ಫೋನ್ ಮಾಡಿದ್ದೆಯಲ್ಲಕ್ಕ.”

“ಯಾವತ್ತು?”

“ಹೋದ ವರ್ಷ. ಬೆಳಿಗ್ಗೆ.”

ನಲ್ಲಿ ನಿಂತಿತು.

“ಅದಾ. ಕಣ್ಣಿನ ಪೊರೆ ತೆಗೆಸೋದಿತ್ತು. ಆಸ್ಪತ್ರೇಲಿ, ಜೊತೆಗೆ ಯಾರು ಬಂದಿದಾರೆ ಅಂತ ಫಾರಂನಲ್ಲಿ ಕೇಳಿದ್ರು. ನಿನ್ನ ಹೆಸರು, ನಂಬರು ಬರೆಸಿದ್ದೆ.”

“ಆಮೇಲೆ?”

“ಆಮೇಲೇನು. ವಾರ್ಡಿನ ಆಯಾನೇ ನನ್ನ ತಂಗಿ ಅಂತ ಸೈನ್ ಹಾಕಿದ್ಲು. ನಂಗಿಂತ ಹತ್ತು ವರ್ಷ ದೊಡ್ಡೋಳು ಕಣೋ ಅವ್ಳು! ಡಾಕ್ಟ್ರು ಇಬ್ಬರ ಮುಖಾನೂ ನೋಡಿದ್ರು, ಸುಮ್ನಾದ್ರು.” ಅಕ್ಕ ನಕ್ಕಳು. ನಗು ಮುಗಿದ ಮೇಲೂ ಸ್ವಲ್ಪ ಹೊತ್ತು ಅವಳ ಉಸಿರು ಕೇಳುತ್ತಿತ್ತು.

ಅವನ ಹೆಜ್ಜೆ ತಾನಾಗಿ ನಿಧಾನವಾಯಿತು.

“ಯಾವ ಕಣ್ಣು?”

“ಎಡಗಣ್ಣು. ಇನ್ನೊಂದು ಬಾಕಿ ಇದೆ.”

 ಅವನು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿ ನಡೆದ.

ತಿರುವು ದಾಟಿದರೆ ಮುಕ್ತಾಯದ ಗೆರೆ. ಜನ ಚದುರಿದ್ದರು. ಕೆಂಪು ಬಟ್ಟೆಯ ಕಮಾನಿಗೆ ಗಾಳಿ ಊದುವ ಮೋಟಾರು ನಿಂತಿತ್ತು. ಕಮಾನು ಮೊಣಕಾಲೂರಿ, ಅದರ ನಡು ರಸ್ತೆಗೆ ಇಳಿಬೀಳುತ್ತಿತ್ತು. ಕಮಾನಿನ ಒಂದು ಕಾಲನ್ನು ಸುರುಳಿ ಸುತ್ತುತ್ತಿದ್ದ ಕೆಲಸಗಾರ ತಲೆ ಎತ್ತಿ, “ಲೋ, ನಿಲ್ಸೋ, ಇನ್ನೊಬ್ರು ಬಂದ್ರು!” ಎಂದು ಕೂಗಿದ. ಆದರೆ ಹೋದ ಗಾಳಿ ಹೋಗಿತ್ತು.

ಪಕ್ಕದಿಂದ ಹೋಗಬಹುದಿತ್ತು. ಅವನು ಗೆರೆಯ ಮೇಲೇ ಬಂದು, ಜೋತುಬಿದ್ದ ಬಟ್ಟೆಯನ್ನು ಒಂದು ಕೈಯಿಂದ ಎತ್ತಿ, ಬಗ್ಗಿ ಒಳಗೆ ಹೋದ. ಒಳಗೆ ಬಿಸಿಲಿಗೆ ಕಾದ ಕೆಂಪು ಬೆಳಕು. ಬಟ್ಟೆ ಮೆಲ್ಲಗೆ ಅವನ ತಲೆಯ ಮೇಲೆ, ಹೆಗಲ ಮೇಲೆ ಇಳಿಯತೊಡಗಿತು. ಅವನು ಅಲ್ಲೇ ನಿಂತ, ಇನ್ನೊಂದು ಕೈಯಲ್ಲಿ ಫೋನನ್ನು ಕಿವಿಗೆ ಒತ್ತಿಕೊಂಡು.

“ಇನ್ನೊಂದು ಕಣ್ಣಿಂದು ಯಾವತ್ತಿದೆ?” ಎಂದ.